ಶುದ್ಧಲೇಖನದ ಹುಡುಗ

ಹಲ್ಲುನೋವಿಗೂ ಕಿವಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಮೂರು ತಿಂಗಳ ಹಿಂದೆ ನಾನೂ ಹಾಗೆಯೇ ಕೇಳುತ್ತಿದ್ದೆ.

ದವಡೆಹಲ್ಲು ತೋರಿಸಲು ಬಾಗಲಕೋಟೆಯ ನವನಗರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯ ದವಾಖಾನೆಗೆ ಹೋಗಿದ್ದೆ. ಹುನಗುಂದದಲ್ಲಿ ನಾನು ಕನ್ನಡ ಕಲಿಸುತ್ತಿದ್ದಾಗ ಹಿಂದಿನ ಬೆಂಚಿನಲ್ಲಿ ಕುಳಿತೂ ಶುದ್ಧಲೇಖನದಲ್ಲಿ ಶ, ಷ, ಸಗಳನ್ನು ಒಮ್ಮೆಯೂ ತಪ್ಪದ ಹುಡುಗ ಅವನು.

"ಈ ಹಲ್ಲಿಗೆ ಬಿಸಿ ಆಗೂದಿಲ್ಲಪಾ" ಎಂದೆ.

"ಬಿಗಿ ಆಗೂದಿಲ್ಲೇನ್ರಿ ಸರ್? ಅಳ್ಳಾಡತೈತೇನು?" ಎನ್ನುತ್ತ ಹಲ್ಲನ್ನು ಅಲುಗಾಡಿಸಿ ನೋಡಿದ.

ಸಹಾಯಕಿ ನಕ್ಕಳು. ನನಗೆ ನಗು ಬರಲಿಲ್ಲ, ಅಣ್ಣ ನೆನಪಾದ.

ಅಣ್ಣ ಇಳಕಲ್ಲಿನಲ್ಲಿ ಮೂವತ್ತು ವರ್ಷ ವಿದ್ಯುತ್ ಮಗ್ಗ ನಡೆಸಿದವನು. ಕರೆದರೆ ಓಗೊಡುತ್ತಿರಲಿಲ್ಲ. "ಬೇಕಾದ್ದಷ್ಟ ಕೇಳಸ್ತೈತಿ ಇವಂಗ" ಎಂದು ಮನೆಮಂದಿ ನಗುತ್ತಿದ್ದರು. ಬಿ.ಎಡ್. ಮಾಡಿದ ನಾನೂ ನಕ್ಕೆ. ಬರುಬರುತ್ತ ಅವನು ಮದುವೆಮನೆಯಲ್ಲಿಯೂ ಕಂಬಕ್ಕೊರಗಿ ಒಬ್ಬನೇ ಕೂರುತ್ತಿದ್ದ.

ಸಹಾಯಕಿ ಹೊರಗೆ ಹೋದ ಮೇಲೆ ವಿದ್ಯಾರ್ಥಿಯನ್ನು ಮೆಲ್ಲನೆ ವಿಚಾರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ರಾತ್ರಿ ಮಲಗಿದಾಗ ಕಿವ್ಯಾಗ ಗುಂಯ್ ಅಂತೈತಿ ಸರ್" ಎಂದ.

ಹಲ್ಲು ಕೊರೆಯುವ ಏರೋಟರ್ ಗಾಳಿಯ ಒತ್ತಡದಿಂದ ನಿಮಿಷಕ್ಕೆ 3ರಿಂದ 4 ಲಕ್ಷ ಸುತ್ತು ತಿರುಗುತ್ತದೆ. ಹೊಸತಾಗಿದ್ದರೆ ಅದರ ಸದ್ದು ಸಾಮಾನ್ಯವಾಗಿ 85 ಡೆಸಿಬಲ್ ಮೀರದು. ಬೇರಿಂಗ್ ಸವೆದಂತೆ ಸದ್ದು ಏರುತ್ತದೆ. ಅದಕ್ಕೆ ಜೊಲ್ಲು ಹೀರುವ ಯಂತ್ರ, ಕಿಟ್ಟ ತೆಗೆಯುವ ಯಂತ್ರ, ಕಂಪ್ರೆಸರ್‌ಗಳ ಸದ್ದೂ ಸೇರುತ್ತದೆ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮೀರಿ ಇರಬಾರದೆಂದು ಅಮೆರಿಕದ ನಯೋಶ್ ಸಂಸ್ಥೆಯ ಸಲಹೆ. 88 ಆದರೆ 4 ಗಂಟೆ, 91 ಆದರೆ 2 ಗಂಟೆ ಮಾತ್ರ. ರೋಗಿಗೆ ಅದು ಅರ್ಧ ಗಂಟೆಯ ಹಿಂಸೆ. ವೈದ್ಯನಿಗೆ ದಿನದಿನವೂ ಅದೇ.

ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟವು. ಸದ್ದಿನಿಂದ ಮೊದಲು ಕುಂದುವುದು ಏರುದನಿಯ ಗ್ರಹಣ, ಅದರಲ್ಲಿಯೂ 4000 ಹರ್ಟ್ಸ್‌ನ ಆಸುಪಾಸು. ಸ್ವರಗಳು ಕೇಳಿಸುತ್ತವೆ, ಸಕಾರ ಜಾರಿಹೋಗುತ್ತದೆ. ದನಿ ಕೇಳಿಸಿದರೂ ಮಾತು ತಿಳಿಯದು. ಆದ್ದರಿಂದಲೇ ನಾವು ಅದನ್ನು ಅಲಕ್ಷ್ಯವೆಂದೋ ಹಟವೆಂದೋ ತಿಳಿಯುತ್ತೇವೆ.

ನನ್ನ ಒತ್ತಾಯಕ್ಕೆ ಅವನು ಆಡಿಯೋಮೆಟ್ರಿ ಮಾಡಿಸಿಕೊಂಡ. ನಕ್ಷೆಯ ಗೆರೆ 4000ದ ಬಳಿ ಕುಸಿದಿತ್ತು. ಹೋದದ್ದು ಬಾರದು, ಉಳಿದದ್ದನ್ನು ಕಾಯಬಹುದು ಎಂದರಂತೆ ತಜ್ಞರು. ಕಂಪ್ರೆಸರ್ ಈಗ ಹೊರಗಿನ ಕೋಣೆಗೆ ಹೋಗಿದೆ. ಸವೆದ ಏರೋಟರ್ ಬದಲಾಗಿದೆ. ಅವನ ಕಿವಿಯಲ್ಲಿ ಮಾತ್ರವಲ್ಲ, ಸಹಾಯಕಿಯ ಕಿವಿಯಲ್ಲಿಯೂ ಇಯರ್‌ಪ್ಲಗ್ ಇದೆ.

ಮೊನ್ನೆ ಹೋದಾಗ ಪ್ಲಗ್ ತೆಗೆದು, ಎದುರಿಗೆ ಕುಳಿತು, "ಈಗ ಬಿಸಿ ಆಗತೈತೇನ್ರಿ ಸರ್?" ಎಂದ. 'ಸಿ'ಯನ್ನು ತುಸು ಒತ್ತಿಯೇ ಹೇಳಿದ. ಇಬ್ಬರೂ ನಕ್ಕೆವು.

ನಿಮ್ಮ ಮನೆಯಲ್ಲಿ ಯಾರಾದರೂ ಪದೇಪದೇ "ಏನಂದಿ?" ಎಂದರೆ ನಗಬೇಡಿ, ಒಮ್ಮೆ ಪರೀಕ್ಷೆಗೆ ಕರೆದೊಯ್ಯಿರಿ. ಅಣ್ಣನನ್ನು ನಾನು ಕರೆದೊಯ್ಯಲಿಲ್ಲ. ಈಗ ಅವನಿಲ್ಲ.