ಊರು ನೋಡಿ ಭಾಷೆ ಹಚ್ಚುವ ಫೋನು

ಮಕ್ಕಳೇ, ಕರ್ನಾಟಕದ ನಕಾಶೆಯ ಮೇಲೆ ಬೆರಳಿಟ್ಟು ಮೇಲಕ್ಕೆ ಸರಿಸುತ್ತ ಹೋಗಿ. ತುತ್ತತುದಿಯಲ್ಲಿ ಬೀದರ್ ಜಿಲ್ಲೆಯ ಔರಾದ್ ಸೀಮೆ ಸಿಗುತ್ತದೆ. ನಮ್ಮ ಡಾಬಕಾ ಇರುವುದು ಅಲ್ಲೇ. ಈ ಸೀಮೆಗೆ ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಸಂತೆಗೆ ಹೋದರೆ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಇದರಿಂದ ನಮಗೆ ಯಾವ ತೊಂದರೆಯೂ ಇಲ್ಲ. ಗೊಂದಲವಾಗುವುದು ಫೋನಿಗೆ.

ನಮ್ಮ ಮನೆಯಾಕೆ ಓದಿದ್ದು ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿಯವರೆಗೆ. ಒಂದು ದಿನ ಆಕೆಯ ಫೋನಿನಲ್ಲಿ ಹಣ ಕಟ್ಟುವ ಆಪ್ ಮರಾಠಿಯಲ್ಲಿ ತೆರೆದುಕೊಂಡಿತು. ಏನೋ ಒಂದು ಪ್ರಶ್ನೆ, ಅದರ ಕೆಳಗೆ ಎರಡು ಗುಂಡಿ. ಮರಾಠಿ ಮಾತು ಆಕೆಗೆ ತಿಳಿಯುತ್ತದೆ, ಅಕ್ಷರ ತಿಳಿಯದು. ಅದೇ ವಾರ ಪಕ್ಕದ ಮನೆಯ ಕಾಕಾ ತಮ್ಮ ಫೋನು ಹಿಡಿದು ಬಂದರು. ಅವರು ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಸರಾಗವಾಗಿ ಮಾತಾಡುತ್ತಾರೆ, ಓದಲು ಬಾರದು. ಅವರ ಫೋನಿನಲ್ಲಿ ಅದೇ ಆಪ್ ಕನ್ನಡದಲ್ಲಿತ್ತು! ಒಂದೇ ಓಣಿ, ಎರಡು ಫೋನು, ಎರಡರ ಊಹೆಯೂ ತಪ್ಪು.

ಬೀದರಿನಲ್ಲಿ ಕಂಪ್ಯೂಟರ್ ಓದುವ ಮೊಮ್ಮಗಳು ಎರಡನ್ನೂ ನೋಡಿ ನಕ್ಕಳು. "ಮುತ್ಯಾ, ಭಾಷಾ ಬ್ಯಾರೆ, ಪ್ರದೇಶ ಬ್ಯಾರೆ. ಈ ಆಪ್ ಎರಡೂ ಒಂದೇ ಅಂತ ತಿಳ್ಕೊಂಡದ" ಅಂದಳು.

ಅವಳು ಬಿಡಿಸಿ ಹೇಳಿದ್ದು ಹೀಗೆ. ಕಂಪ್ಯೂಟರಿನಲ್ಲಿ ಪ್ರತಿ ಭಾಷೆಗೂ ಒಂದು ಚಿಕ್ಕ ಗುರುತಿದೆ. ಕನ್ನಡಕ್ಕೆ 'ಕೆ-ಎನ್', ಮರಾಠಿಗೆ 'ಎಂ-ಆರ್', ತೆಲುಗಿಗೆ 'ಟಿ-ಇ'. ದೇಶಕ್ಕೆ ಬೇರೆ ಗುರುತು, ಭಾರತಕ್ಕೆ 'ಐ-ಎನ್'. ದಿನಾಂಕ ಹೇಗೆ ಬರೆಯಬೇಕು, ರೂಪಾಯಿ ಚಿಹ್ನೆ ಹಾಕಬೇಕೋ ಡಾಲರ್ ಚಿಹ್ನೆಯೋ ಎಂಬುದೆಲ್ಲ ಪ್ರದೇಶದ ಲೆಕ್ಕ. ಒಂದು ಲಕ್ಷವನ್ನು ನಾವು 1,00,000 ಎಂದು ಬರೆದರೆ ಅಮೆರಿಕದವರು 100,000 ಎಂದು ಬರೆಯುತ್ತಾರಲ್ಲ, ಅದೂ ಇದರಲ್ಲೇ ಬರುತ್ತದೆ. ಯಾವ ಅಕ್ಷರ ತೋರಿಸಬೇಕು ಎಂಬುದು ಮಾತ್ರ ಭಾಷೆಯ ಲೆಕ್ಕ. ಒಳ್ಳೆಯ ಆಪ್ ನಾವು ಆರಿಸಿಟ್ಟ ಭಾಷೆಯನ್ನು ನೋಡುತ್ತದೆ. ಅವಸರದ ಆಪ್ ನಾವಿರುವ ಜಾಗವನ್ನು ನೋಡುತ್ತದೆ. ಗಡಿಯಲ್ಲಿ ಫೋನು ಆಚೆ ರಾಜ್ಯದ ಟವರ್ ಹಿಡಿದರೆ ಜಾಗದ ಲೆಕ್ಕವೂ ತಪ್ಪುತ್ತದೆ.

ಜಾಗ ಸರಿಯಾಗಿ ಸಿಕ್ಕರೂ ಭಾಷೆ ಸರಿಯಾಗಿ ಸಿಗಬೇಕೆಂದಿಲ್ಲ. ನಮ್ಮ ಬೀದರ್ ಜಿಲ್ಲೆ ಮೊದಲು ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಗ ಕಚೇರಿಯ ಭಾಷೆ ಉರ್ದು. 1956ರ ನವೆಂಬರ್ 1ರಂದು ರಾಜ್ಯಗಳನ್ನು ಮರುವಿಂಗಡಿಸಿದಾಗ ಬೀದರ್ ಮೈಸೂರು ರಾಜ್ಯಕ್ಕೆ ಬಂತು. ಅದೇ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ ಆಂಧ್ರಕ್ಕೆ ಹೋಯಿತು. ನಕಾಶೆಯಲ್ಲಿ ಗೆರೆ ಬಿತ್ತು. ಆದರೆ ಗೆರೆಯ ಎರಡೂ ಕಡೆ ಬೀಗತನ ನಡೆದೇ ಇದೆ, ಮನೆಮಾತುಗಳು ಬೆರೆತೇ ಇವೆ.

ಬ್ಯಾಂಕಿನ ಕೌಂಟರಿನಲ್ಲಿ ಕೂತಷ್ಟು ವರ್ಷ ನಾನು ಒಂದು ರೂಢಿ ಇಟ್ಟುಕೊಂಡಿದ್ದೆ. ಬಂದವರು ಮೊದಲ ಮಾತು ಆಡುವ ತನಕ ಕಾಯುವುದು. ಪೇಟ ನೋಡಿ, ಸೀರೆ ಉಟ್ಟ ಬಗೆ ನೋಡಿ ಭಾಷೆ ಊಹಿಸುತ್ತಿರಲಿಲ್ಲ. ಅವರು ಕೈಗೆ ತೆಗೆದುಕೊಂಡು ಹೋಗುವ ನೋಟೂ ಊಹಿಸುವುದಿಲ್ಲ. ಮನೆಯಲ್ಲಿ ಒಂದು ನೋಟು ತಿರುಗಿಸಿ ನೋಡಿ. ಹಿಂಬದಿಯ ಪಟ್ಟಿಯಲ್ಲಿ 15 ಭಾಷೆಗಳಿವೆ, ಮೇಲಿನಿಂದ ನಾಲ್ಕನೆಯದು ಕನ್ನಡ. ಹಿಂದಿ, ಇಂಗ್ಲಿಷ್ ಸೇರಿದರೆ ಒಟ್ಟು 17. ಡಾಬಕಾಕ್ಕೆ ಬಂದರೂ ದಿಲ್ಲಿಗೆ ಹೋದರೂ ಅದು ಹಾಗೇ ಇರುತ್ತದೆ.

ಫೋನು ಓದಲಾಗದ ಭಾಷೆಗೆ ತಿರುಗಿದರೆ ಹೆದರಬೇಡಿ. ಸೆಟ್ಟಿಂಗ್ಸ್ ತೆರೆದು ಭಾಷೆಗಳ ಪಟ್ಟಿ ಹುಡುಕಿ. ಅನೇಕ ಫೋನುಗಳಲ್ಲಿ ಅದರ ಪಕ್ಕದಲ್ಲಿ ಭೂಗೋಳದ ಚಿತ್ರವಿರುತ್ತದೆ. ಆ ಪಟ್ಟಿಯಲ್ಲಿ ಒಂದು ಜಾಣತನವಿದೆ: ಪ್ರತಿ ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿರುತ್ತದೆ. ಫೋನು ಯಾವ ಭಾಷೆಯಲ್ಲಿದ್ದರೂ 'ಕನ್ನಡ' ಎಂಬುದು ಕನ್ನಡದಲ್ಲೇ ಕಾಣುತ್ತದೆ. ಅದನ್ನು ಪಟ್ಟಿಯ ಮೇಲಕ್ಕೆ ತನ್ನಿ. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ ಈಚೆಗೆ ಆಪ್‌ಗಳಿಗೆ ಬೇರೆ ಬೇರೆ ಭಾಷೆ ಇಡುವ ಅನುಕೂಲವೂ ಇದೆ. ಮೊಮ್ಮಗಳು ನಮ್ಮಾಕೆಯ ಫೋನು ಕನ್ನಡಕ್ಕೆ, ಕಾಕಾ ಅವರದು ಮರಾಠಿಗೆ ತಿರುಗಿಸಿದ್ದು ಐದೇ ನಿಮಿಷದಲ್ಲಿ.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಓದಲಾಗದ ಕಾಗದಕ್ಕೆ ಸಹಿ ಹಾಕಬೇಡಿ ಎಂದು ನಾನು ಖಾತೆದಾರರಿಗೆ ಹೇಳುತ್ತಿದ್ದೆ. ಓದಲಾಗದ ಗುಂಡಿಯನ್ನೂ ಒತ್ತಬೇಡಿ. 'ಹೌದು' ಯಾವುದು, 'ಬೇಡ' ಯಾವುದು ಎಂದು ತಿಳಿಯದೆ ಬೆರಳಿಟ್ಟರೆ ಹೋಗುವುದು ನಿಮ್ಮ ದುಡ್ಡು.

ಮಕ್ಕಳೇ, ಈ ಭಾನುವಾರ ಮನೆಯ ಹಿರಿಯರ ಫೋನು ತೆಗೆದುಕೊಂಡು ಪಕ್ಕದಲ್ಲಿ ಕೂತುಕೊಳ್ಳಿ. ಅವರು ಮಾತಾಡುವ ಭಾಷೆ ನಿಮಗೆ ಗೊತ್ತೇ ಇದೆ. ಯಾವ ಅಕ್ಷರ ಓದಲು ಸಲೀಸು ಎಂದು ಕೇಳಿ, ಆಮೇಲೆ ಸೆಟ್ಟಿಂಗ್ಸ್ ತೆರೆಯಿರಿ.