ತಲೆಗೊಂದು ಚಂದಾ

ಕನ್ನಡದಲ್ಲಿ ಕೂದಲಿರುವ ತಲೆಗೆ ತಲೆ ಎಂಬುದೊಂದೇ ಹೆಸರು. ಕೂದಲಿಲ್ಲದ ತಲೆಗೆ ಮಾತ್ರ ಹೆಸರುಗಳು ಬೇಕಾದಷ್ಟು ಉಂಟು. ಬೋಳು, ಬೋಡು, ಬೊಕ್ಕ, ಬುರುಡೆ ಎಂದು ಬಕಾರವೊಂದರಲ್ಲೇ ನಾಲ್ಕು ಸಿಕ್ಕುತ್ತವೆ. ಸಂಸ್ಕೃತ ಬಲ್ಲವರು ಸ್ವಲ್ಪ ಗೌರವದಿಂದ ಖಲ್ವಾಟ ಎನ್ನುತ್ತಾರೆ. ಭರ್ತೃಹರಿಯ ನೀತಿಶತಕದಲ್ಲಿ ಬರುವ ಖಲ್ವಾಟನಂತೂ, ಪಾಪ, ಬಿಸಿಲು ತಾಳಲಾರದೆ ಮರದ ನೆರಳಿಗೆ ಹೋದರೆ ಅಲ್ಲಿಯೂ ಹಣ್ಣು ಬಿದ್ದು ತಲೆ ಒಡೆಯುತ್ತದೆ. ದುರದೃಷ್ಟಕ್ಕೆ ಉದಾಹರಣೆ ಬೇಕಾದಾಗ ಆ ಕವಿಗೆ ಬಡವನಾಗಲಿ ರೋಗಿಯಾಗಲಿ ನೆನಪಾಗದೆ ಬೊಕ್ಕತಲೆಯವನೇ ನೆನಪಾದನಲ್ಲ, ಅದನ್ನು ಗಮನಿಸಬೇಕು. ನಮ್ಮ ಕಾಲದಲ್ಲಿ ರಾಜ್ ಬಿ. ಶೆಟ್ಟಿಯವರು 2017ರಲ್ಲಿ ‘ಒಂದು ಮೊಟ್ಟೆಯ ಕಥೆ’ ಎಂಬ ಚಿತ್ರ ತೆಗೆದು ಈ ವರ್ಗಕ್ಕೆ ಒಂದಿಷ್ಟು ನ್ಯಾಯ ದೊರಕಿಸಿಕೊಟ್ಟರು. ಆದರೆ ಅದರ ನಾಯಕ ಹೆಣ್ಣಿಗಾಗಿ ಹುಡುಕಾಡುವ ಕನ್ನಡ ಅಧ್ಯಾಪಕ. ವೃತ್ತಿಯೂ ಅದೇ, ತಲೆಯೂ ಅದೇ ಆದ ನನ್ನಂಥವರಿಗೆ ತರಗತಿಯಲ್ಲಿ ಆ ಚಿತ್ರದಿಂದಾದ ಉಪಕಾರ ಎಂಥದೆಂದು ಓದುಗರೇ ಊಹಿಸಿಕೊಳ್ಳಬಹುದು.

ನನ್ನ ಮಟ್ಟಿಗೆ ಈ ವ್ಯವಹಾರ ಮೂವತ್ತೈದಕ್ಕೇ ಮುಗಿದುಹೋಯಿತು. ಹಿಂದಲೆಯಲ್ಲಿ ಅರ್ಧಚಂದ್ರಾಕಾರವಾಗಿ ಉಳಿದಿರುವುದನ್ನು ಎರಡು ತಿಂಗಳಿಗೊಮ್ಮೆ ಕ್ಷೌರದಂಗಡಿಯಲ್ಲಿ ಒಪ್ಪಿಸುತ್ತೇನೆ. ಅವರು ಪೂರ್ತಿ ತಲೆಯ ಹಣ ತೆಗೆದುಕೊಳ್ಳುತ್ತಾರೆ. ನಮ್ಮ ನಡುವೆ ಜಗಳವಿಲ್ಲ. ಮುಗಿದ ಈ ವಿಷಯಕ್ಕೆ ನಾನು ಮತ್ತೆ ತಲೆ ಹಾಕುವಂತೆ ಮಾಡಿದವನು ನನ್ನ ಅಕ್ಕನ ಮಗ. ವಯಸ್ಸು 27, ಬೆಂಗಳೂರಿನಲ್ಲಿ ಕೆಲಸ. ಎರಡು ವರ್ಷದಿಂದ ಅವನು ಮದುವೆ ಮುಂಜಿಗಳಿಗೆ ಬರುವುದನ್ನು ಕಡಿಮೆ ಮಾಡಿದ್ದ. ಬಂದರೆ ಪಂಕ್ತಿಯಲ್ಲಿ ಊಟಕ್ಕೆ ಕುಳಿತಾಗಲೂ ಟೋಪಿ ತೆಗೆಯುತ್ತಿರಲಿಲ್ಲ. ಹೆಣ್ಣಿನ ಮಾತೆತ್ತಿದರೆ ತಾಯಿಯ ಮೇಲೆ ರೇಗುತ್ತಿದ್ದ. ಅಂಥವನು ಒಂದು ಭಾನುವಾರ ಮೈಸೂರಿನ ನಮ್ಮ ಮನೆಗೆ ತಾನಾಗಿ ಬಂದು, ಲ್ಯಾಪ್‌ಟಾಪು ತೆರೆದು, “ಮಾವ, ಮೂರು ಕಂಪನಿ ನೋಡಿಟ್ಟಿದ್ದೀನಿ. ಯಾವುದಕ್ಕೆ ಸೇರಲಿ, ನೀವು ಹೇಳಿ” ಎಂದ. ಹೊಳೆಯ ಆಳವನ್ನು ಮುಳುಗಿದವನನ್ನೇ ಕೇಳಬೇಕೆಂಬ ನ್ಯಾಯ ಇರಬೇಕು.

ಈ ಏರ್ಪಾಡನ್ನು ಕಾಣದವರಿಗಾಗಿ ಎರಡು ಮಾತು. ಹಾಲಿಗೆ ವರ್ತನೆ, ಪತ್ರಿಕೆಗೆ ಚಂದಾ ಇದ್ದಂತೆ ಇದು ಕೂದಲಿನ ಚಂದಾ. ಅಮೆರಿಕದಲ್ಲಿ ಹಿಮ್ಸ್ ಎಂಬ ಕಂಪನಿ 2017ರಲ್ಲಿ ಈ ಬಗೆಯ ವ್ಯಾಪಾರಕ್ಕಿಳಿಯಿತು. ಈಗ ನಮ್ಮ ದೇಶದಲ್ಲಿಯೂ ಇಂಥವು ಹಲವು. ಫೋನಿನಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಟ್ಟು ನೆತ್ತಿಯ ಪಟ ಕಳಿಸಿದರೆ ತಿಂಗಳು ತಿಂಗಳು ಬಾಗಿಲಿಗೆ ಪೆಟ್ಟಿಗೆ ಬರುತ್ತದೆ, ಖಾತೆಯಿಂದ ಹಣ ತಾನಾಗಿಯೇ ಹೋಗುತ್ತದೆ.

ಪೆಟ್ಟಿಗೆಗಳ ಬಣ್ಣ ಬೇರೆ ಬೇರೆಯಾದರೂ ಒಳಗಿರುವ ಮದ್ದುಗಳಲ್ಲಿ ಲೆಕ್ಕಕ್ಕೆ ಬರುವುವು ಎರಡೇ. ಒಂದು ಮಿನಾಕ್ಸಿಡಿಲ್. ಇದು ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. 1979ರಲ್ಲಿ ಅಮೆರಿಕದ ಸರ್ಕಾರ ಅದಕ್ಕೆಂದೇ ಒಪ್ಪಿಗೆ ಕೊಟ್ಟಿತು. ನುಂಗಿದವರಿಗೆ ಒತ್ತಡ ಇಳಿದದ್ದಲ್ಲದೆ ಮೈಮೇಲೆಲ್ಲ ಕೂದಲು ಹುಟ್ಟತೊಡಗಿತು. 1988ರ ಹೊತ್ತಿಗೆ ಅದೇ ಮದ್ದು ತಲೆಗೆ ಹಚ್ಚುವ ದ್ರವವಾಗಿ ಬಂದಿತು. ಇನ್ನೊಂದು ಫಿನಾಸ್ಟರೈಡ್. ಇದರ ಕಥೆ ಇನ್ನೂ ವಿಚಿತ್ರ. ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದಲ್ಲಿ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆಯಿರುವ ಗಂಡುಮಕ್ಕಳ ವಿಷಯವನ್ನು 1974ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಆ ಕಿಣ್ವ ಕೆಲಸ ಮಾಡದಿದ್ದರೆ ಡಿಎಚ್‌ಟಿ ಎಂಬ ಗಂಡುಹಾರ್ಮೋನು ಸಾಕಷ್ಟು ತಯಾರಾಗುವುದಿಲ್ಲ. ಅವರಿಗೆ ದೊಡ್ಡವರಾದ ಮೇಲೂ ಪ್ರಾಸ್ಟೇಟ್ ಗ್ರಂಥಿ ಬೆಳೆಯಲಿಲ್ಲ, ಮುಂದಲೆಯ ಕೂದಲೂ ಹಿಂದೆ ಸರಿಯಲಿಲ್ಲ. ಮರ್ಕ್ ಕಂಪನಿ ಅದೇ ಕಿಣ್ವವನ್ನು ತಡೆಯುವ ಮಾತ್ರೆ ಮಾಡಿ 1992ರಲ್ಲಿ ಪ್ರಾಸ್ಟೇಟಿಗೆ, 1997ರಲ್ಲಿ ಒಂದು ಮಿಲಿಗ್ರಾಂ ತೂಕದಲ್ಲಿ ತಲೆಗೆ ಮಾರಿತು. ಹೀಗೆ ಬಿ.ಪಿ.ಗೆ ಹುಟ್ಟಿದ್ದೊಂದು, ಮುದುಕರ ಮೂತ್ರದ ತೊಂದರೆಗೆ ಹುಟ್ಟಿದ್ದೊಂದು. ತಲೆಗೆಂದೇ ಹುಟ್ಟಿದ್ದು ಒಂದೂ ಇಲ್ಲ.

ಎರಡಕ್ಕೂ ಸಮಾನವಾದ ಗುಣವೆಂದರೆ ಬಿಟ್ಟರೆ ಕೆಟ್ಟಿತು. ಮದ್ದು ನಿಲ್ಲಿಸಿದ ಕೆಲವು ತಿಂಗಳಲ್ಲಿ, ಹೆಚ್ಚೆಂದರೆ ವರ್ಷದಲ್ಲಿ, ಉಳಿಸಿಕೊಂಡದ್ದು ಹೋಗುತ್ತದೆ. ನಮ್ಮ ಸಾಹಿತ್ಯ ಪತ್ರಿಕೆಗಳಿಗೆ ಆಜೀವ ಚಂದಾ ಕಟ್ಟಿದವರು ಬಲ್ಲರು, ಅಲ್ಲಿ ಚಂದಾದಾರನಿಗಿಂತ ಮೊದಲು ಪತ್ರಿಕೆ ಕಣ್ಣುಮುಚ್ಚುತ್ತದೆ. ಇಲ್ಲಿ ಆ ಅನುಕೂಲವೂ ಇಲ್ಲ.

ಪೆಟ್ಟಿಗೆಯಲ್ಲಿ ಉಳಿದ ಜಾಗವನ್ನು ತುಂಬಲು ಶಾಂಪೂ, ಬಯೋಟಿನ್ ಮಿಠಾಯಿ, ಬೇರುನಾರುಗಳ ಗುಳಿಗೆ. ಬಯೋಟಿನ್ ಕೊರತೆ ಇದ್ದವರಿಗೆ ಅದು ಬೇಕು. ಆ ಕೊರತೆಯೇ ಅಪರೂಪ. ಒಂದು ಕಂಪನಿಯ ಎಣ್ಣೆಯಲ್ಲಿ ಗರುಗದ ಸೊಪ್ಪೂ ದಾಸವಾಳವೂ ಇದ್ದುವು. ಅದನ್ನೇ ನಮ್ಮ ತಾಯಿ ಹಿತ್ತಲಿನಿಂದ ಕಿತ್ತು ತಂದು ಕೊಬ್ಬರಿ ಎಣ್ಣೆಯಲ್ಲಿ ಕಾಯಿಸುತ್ತಿದ್ದರು. ಅದರ ವಾಸನೆ ನನಗೆ ಇಂದಿಗೂ ಪ್ರಿಯ. ಪರಿಣಾಮವನ್ನು ನನ್ನ ತಲೆ ನೋಡಿದವರು ಹೇಳಬೇಕು. ನಮ್ಮ ದೇಶದ ಔಷಧ ನಿಯಮಗಳಲ್ಲಿ ಜೆ ಎಂಬ ಅನುಸೂಚಿಯೊಂದಿದೆ. ಯಾವ ಯಾವ ರೋಗವನ್ನು ಗುಣಪಡಿಸುತ್ತೇವೆಂದು ಯಾವ ಔಷಧವೂ ಹೇಳಿಕೊಳ್ಳಕೂಡದು ಎಂಬುದರ ಪಟ್ಟಿ ಅದು. ಅದರಲ್ಲಿ ಕ್ಯಾನ್ಸರಿನ, ಕುರುಡುತನದ ಜೊತೆಗೆ ಬೊಕ್ಕತಲೆಯೂ ಇದೆ, ಹೊಸ ಕೂದಲು ಬೆಳೆಸುವುದೂ ಇದೆ. ಆದ್ದರಿಂದಲೇ ಜಾಹೀರಾತುಗಳ ಭಾಷೆಯನ್ನು ನಿಧಾನವಾಗಿ ಓದಬೇಕು. ‘ಬೆಳೆಸುತ್ತದೆ’ ಎನ್ನಬೇಕಾದ ಕಡೆ ‘ಬೆಳವಣಿಗೆಗೆ ಪೋಷಕ’ ಎಂದಿರುತ್ತದೆ. ವ್ಯಾಕರಣ ಹೇಳುವವನಿಗೆ ಇದರಲ್ಲಿ ಒಂದು ಬಗೆಯ ಸಂತೋಷವುಂಟು.

ಮೂರರಲ್ಲಿ ಅಗ್ಗವಾದದ್ದರ ಪ್ರಶ್ನಾವಳಿಯನ್ನು ಹುಡುಗ ನನ್ನೆದುರೇ ತುಂಬಲು ಹಿಡಿದ. ಮೂರನೆಯ ಪ್ರಶ್ನೆಗೇ ನಾನು ಸಿಕ್ಕಿಬಿದ್ದೆ: ‘ತಾಯಿಯ ಕಡೆಯ ಗಂಡಸರಲ್ಲಿ ಯಾರಿಗಾದರೂ ತಲೆ ಬೋಳಾಗಿದೆಯೇ?’ ಗಂಡುಹಾರ್ಮೋನಿಗೆ ಓಗೊಡುವ ಒಂದು ಜೀನು ಎಕ್ಸ್ ಕ್ರೋಮೋಸೋಮಿನಲ್ಲಿದೆಯಂತೆ. ಗಂಡುಮಗುವಿಗೆ ಅದು ತಾಯಿಯಿಂದಲೇ ಬರಬೇಕು. ಸೋದರಮಾವನ ತಲೆ ನೋಡಿ ಅಳಿಯನ ತಲೆ ಹೇಳುವ ವಾಡಿಕೆಗೆ ಅದೇ ಆಧಾರ. ತಂದೆಯ ಕಡೆಯಿಂದ ಬರುವ ಜೀನುಗಳೂ ಅನೇಕವಿವೆ ಎಂದು ನಾನು ಭಾವನವರತ್ತ ಸ್ವಲ್ಪ ಹೊರೆ ಜಾರಿಸಿ ನೋಡಿದೆ. ಹುಡುಗ ನಕ್ಕು ‘ಹೌದು’ ಎಂಬಲ್ಲಿ ಗುರುತು ಹಾಕಿದ.

ನಗು ಅಲ್ಲಿಗೇ ನಿಂತಿತು. ಮುಂದೆ ಇನ್ನೊಂದು ಪ್ರಶ್ನೆ: ‘ಹಿಂದೆಂದಾದರೂ ಖಿನ್ನತೆಗೆ ಚಿಕಿತ್ಸೆ ಪಡೆದಿದ್ದೀರಾ?’ ಅವನ ಬೆರಳು ತಡಮಾಡದೆ ‘ಇಲ್ಲ’ ಎಂಬಲ್ಲಿಗೆ ಹೋಯಿತು. ಪ್ರಶ್ನಾವಳಿ ಅದನ್ನು ನಂಬಿ ಮುಂದಿನ ಪುಟಕ್ಕೆ ಹೋಯಿತು.

ಮೂರು ವರ್ಷದ ಹಿಂದೆ ಈ ಹುಡುಗ ಕೆಲಸ ಬಿಟ್ಟು ಬಂದು ನಾಲ್ಕು ತಿಂಗಳು ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದ್ದ. ಅಕ್ಕ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಬರುತ್ತಿದ್ದಳು. ಎಷ್ಟೋ ದಿನ ಅದು ಹಾಗೆಯೇ ಇರುತ್ತಿತ್ತು. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮನೋವೈದ್ಯರ ಬಳಿಗೆ ಅವನನ್ನು ಕರೆದೊಯ್ದವನು ನಾನು. ಫಿನಾಸ್ಟರೈಡಿನ ವಿಷಯದಲ್ಲಿ ಯುರೋಪಿನ ಔಷಧ ಸಂಸ್ಥೆ 2025ರಲ್ಲಿ, ಆತ್ಮಹತ್ಯೆಯ ಯೋಚನೆಗಳು ಈ ಮಾತ್ರೆಯ ಅಡ್ಡಪರಿಣಾಮಗಳಲ್ಲಿ ಸೇರುತ್ತವೆಂದು ದೃಢಪಡಿಸಿದೆ. ಎಲ್ಲರಿಗೂ ಆಗುತ್ತದೆಂದಲ್ಲ, ಲಕ್ಷಾಂತರ ಜನ ನುಂಗಿ ಸುಖವಾಗಿದ್ದಾರೆ. ಆದರೆ ಆ ಪ್ರಶ್ನೆಯನ್ನು ಕೇಳುವುದು ಇವನಂಥವರಿಗಾಗಿಯೇ. ಇನ್ನೊಂದು ಎಚ್ಚರಿಕೆಯೂ ಉಂಟು: ಕೆಲವರಿಗೆ ಕಾಮಾಸಕ್ತಿ ಕುಂದುತ್ತದೆ, ಹೆಚ್ಚಿನವರಲ್ಲಿ ಮಾತ್ರೆ ಬಿಟ್ಟ ಮೇಲೆ ಸರಿಹೋಗುತ್ತದೆ, ಸರಿಹೋಗಲಿಲ್ಲವೆಂದು ಹೇಳಿದವರೂ ಇದ್ದಾರೆ. ಸೋದರಮಾವ ಅಳಿಯನಿಗೆ ಹೇಳಬಹುದಾದ ಮಾತುಗಳಲ್ಲಿ ಇದು ಸೇರಿಲ್ಲ. ಹಳಗನ್ನಡ ಪಾಠ ಮಾಡುವಾಗ ಶೃಂಗಾರದ ಪದ್ಯ ಬಂದರೆ ಮಾಡುವಂತೆ, ಗೋಡೆಯ ಕ್ಯಾಲೆಂಡರು ನೋಡುತ್ತ ಹೇಳಿ ಮುಗಿಸಿದೆ.

“ಹಾಗಾದ್ರೆ ನನಗೆ ಬೇಡವೇ ಬೇಡ ಅಂತೀರಾ?” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಚೆನ್ನಾಗಿತ್ತು.

“ಬೇಡ ಅನ್ನೋಕೆ ನಾನ್ಯಾರೋ? ನಿನ್ನ ಮುಖ ನೋಡಿ ಕೇಳೋವ್ರ ಹತ್ತಿರ ಹೋಗೋಣ ಅಂತೀನಿ, ಅಷ್ಟೆ.”

ಅದಕ್ಕೆ ಅವನು ಹೇಳಿದ ಉತ್ತರದಿಂದ ಈ ವ್ಯಾಪಾರದ ಗುಟ್ಟು ನನಗೆ ಹೊಳೆಯಿತು. ಆಸ್ಪತ್ರೆಯ ಚರ್ಮರೋಗದ ವಿಭಾಗದಲ್ಲಿ ಟೋಪಿ ತೆಗೆದು ಸರದಿಯಲ್ಲಿ ಕೂರುವುದು, ಔಷಧಿ ಅಂಗಡಿಯಲ್ಲಿ ನಾಲ್ಕು ಜನರ ಎದುರು ಮದ್ದಿನ ಹೆಸರು ಹೇಳುವುದು, ಇವು ಅವನಿಂದ ಆಗದ ಕೆಲಸಗಳು. ಆ ಪೆಟ್ಟಿಗೆಯಲ್ಲಿಟ್ಟು ಮಾರುವ ಮುಖ್ಯ ಪದಾರ್ಥ ಮಿನಾಕ್ಸಿಡಿಲ್ ಅಲ್ಲ, ಯಾರಿಗೂ ಹೇಳಬೇಕಾಗಿಲ್ಲ ಎಂಬ ಸೌಕರ್ಯ. ಅದನ್ನು ಹಗುರವಾಗಿ ಕಾಣಲು ನನಗೆ ಮನಸ್ಸಾಗಲಿಲ್ಲ. ಬೊಕ್ಕತಲೆಗೆ ಅಷ್ಟು ಹೆಸರು ಕೊಟ್ಟ ಸಮಾಜ ಅದರ ಬೆಲೆಯನ್ನೂ ತೆರಬೇಕು.

ಕಡೆಗೆ ಹೋದೆವು. ಡಾಕ್ಟರಮ್ಮ ಬೆಳಕಿನ ಭೂತಗನ್ನಡಿ ಹಿಡಿದು ನೆತ್ತಿ ನೋಡಿದರು. ಇತ್ತೀಚೆಗೆ ಡೆಂಗ್ಯೂ, ಟೈಫಾಯಿಡು ಏನಾದರೂ ಬಂದಿತ್ತೇ ಎಂದು ಕೇಳಿದರು. ದೊಡ್ಡ ಜ್ವರವಾದ ಎರಡು ಮೂರು ತಿಂಗಳಿಗೆ ಕೂದಲು ಕೈತುಂಬ ಉದುರಿ, ಮತ್ತೆ ತಾನೇ ಬರುತ್ತದಂತೆ. ಇವನದು ಅದಲ್ಲ, ವಂಶದ್ದೇ. ಹಾಗೆ ಹೇಳುವಾಗ ಅವರು ಒಮ್ಮೆ ನನ್ನತ್ತ ನೋಡಿದರು. ಆಮೇಲೆ ನನ್ನನ್ನು ಹೊರಗೆ ಕಳಿಸಿ ಅವನೊಡನೆ ಇಪ್ಪತ್ತು ನಿಮಿಷ ಮಾತಾಡಿದರು. ಸದ್ಯಕ್ಕೆ ಹಚ್ಚುವ ಮದ್ದು ಮಾತ್ರ. ಮಾತ್ರೆಯ ವಿಚಾರ ಮನೋವೈದ್ಯರನ್ನು ಕೇಳಿದ ಮೇಲೆ, ಎಂದು ತೀರ್ಮಾನವಾಯಿತು.

ಮದ್ದನ್ನು ಅಂಗಡಿಯಲ್ಲಿ ಕೊಂಡರೆ ಪೆಟ್ಟಿಗೆಯ ಅರ್ಧ ಬೆಲೆಯೂ ಆಗದೆಂದು ವಿಚಾರಿಸಿ ಹೇಳಿದೆ. ಅವನು ಚಂದಾವನ್ನೇ ಹಿಡಿದ. ಹಾಗಾದರೆ ಸೇರುವ ಬಾಗಿಲಿಗಿಂತ ಮೊದಲು ಹೊರಡುವ ಬಾಗಿಲು ನೋಡು ಎಂದೆ. ಸುಲಭವಾಗಿ ಸೇರಿಸಿಕೊಂಡು ಬಿಡಿಸಿಕೊಳ್ಳಲು ಕಷ್ಟಕೊಡುವ ಚಂದಾ ಬಲೆಗಳನ್ನು ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲೇ ನಿಷೇಧಿಸಿದೆ. ಆದರೂ ನಮ್ಮ ಮೂರರಲ್ಲಿ ಒಂದು ಕಂಪನಿಗೆ ಸೇರಲು ಒಂದು ಗುಂಡಿ ಒತ್ತಿದರೆ ಸಾಕು, ಬಿಡಬೇಕಾದರೆ ಯಾರಿಗೋ ಫೋನು ಮಾಡಿ ಕಾರಣ ಒಪ್ಪಿಸಬೇಕು. ಇನ್ನೊಂದು, ಮಿಠಾಯಿ ಶಾಂಪೂಗಳನ್ನು ಬಿಟ್ಟು ಸೀಸೆಯೊಂದನ್ನೇ ಕೊಡಲು ಒಪ್ಪಲಿಲ್ಲ. ಉಳಿದದ್ದು ಒಪ್ಪಿತು. 60 ಮಿಲಿಯ ಒಂದು ಸೀಸೆ, ದಿನಕ್ಕೆ ಎರಡು ಬಾರಿ ಒಂದೊಂದು ಮಿಲಿ, ತಿಂಗಳಿಗೆ ಸರಿಹೋಗುತ್ತದೆ.

ಮೂರನೆಯ ವಾರ ಅಕ್ಕ ಗಾಬರಿಯಿಂದ ಫೋನು ಮಾಡಿದಳು: “ದಿಂಬಿನ ತುಂಬ ಕೂದಲು ಕಣೋ! ಇದ್ದದ್ದೂ ಹೋಗ್ತಾ ಇದೆ.” ಮೊದಲ ವಾರಗಳಲ್ಲಿ ಹಳೆಯ ಕೂದಲು ಉದುರುವುದು ಈ ಮದ್ದಿನ ಸ್ವಭಾವ, ಫಲ ಕಾಣಲು ನಾಲ್ಕಾರು ತಿಂಗಳು ಬೇಕು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರಿಂದ ಹುಡುಗ ಮಾತ್ರ ಅಂಜಲಿಲ್ಲ.

ಈಗ ಐದು ತಿಂಗಳಾಗಿದೆ. ತಿಂಗಳಿಗೊಮ್ಮೆ ಒಂದೇ ಟ್ಯೂಬ್‌ಲೈಟಿನ ಕೆಳಗೆ ನಿಂತು ನೆತ್ತಿಯ ಪಟ ತೆಗೆದು ನನಗೆ ಕಳಿಸುತ್ತಾನೆ. ಐದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೂ ನನಗೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ, ಅವನಿಗೆ ಕಾಣುತ್ತದೆ. ಮಾತ್ರೆ ಇನ್ನೂ ಶುರುವಾಗಿಲ್ಲ. ಮನೋವೈದ್ಯರು ಆರು ತಿಂಗಳು ಕಾಯೋಣ ಎಂದಿದ್ದಾರೆ. ಬರುವ ಭಾನುವಾರ ಹೆಣ್ಣು ನೋಡಲು ಹಾಸನಕ್ಕೆ ಹೊರಟಿದ್ದಾನೆ, ನಾನೂ ಬರಬೇಕಂತೆ. ಹೆಣ್ಣಿನ ಕಡೆಯವರು ಸೋದರಮಾವನ ತಲೆ ನೋಡಿ ಲೆಕ್ಕ ಹಾಕಿಯಾರು, ಮೈಸೂರು ಪೇಟ ಸುತ್ತಿಕೊಂಡು ಬರಲೇ ಎಂದು ಕೇಳಿದೆ.

“ಬೇಡ ಮಾವ, ಹಾಗೇ ಬನ್ನಿ. ನಾನೂ ಟೋಪಿ ಹಾಕ್ಕೊಳ್ತಾ ಇಲ್ಲ” ಎಂದ.