ನಿಧಿಯ ಮೇಲೆ ನಿದ್ದೆ

ದಿಲ್ಲಿಯ ಜನ ನಿಧಿಯ ಮೇಲೇ ಮಲಗುತ್ತಾರೆ. ಇಲ್ಲಿನ ಮಂಚಕ್ಕೆ ಕಾಲಿರುವುದು ಅಪರೂಪ. ನೆಲ ಕಚ್ಚಿಕೊಂಡು ಕೂತ ದೊಡ್ಡ ಪೆಟ್ಟಿಗೆ ಅದು. ಹೆಸರು ಬಾಕ್ಸ್ ಬೆಡ್. ಹಾಸಿಗೆ ಮಡಚಿ, ಪ್ಲೈವುಡ್ ಹಲಗೆಯ ತೂತಿಗೆ ಎರಡು ಬೆರಳು ತೂರಿಸಿ ಎತ್ತಿದರೆ ಒಂದು ಸಂಸಾರದ ಸಮಸ್ತ ಚರಾಸ್ತಿ ಕಾಣುತ್ತದೆ: ರಜಾಯಿಗಳು, ಕಂಬಳಿ, ಸ್ವೆಟರು, ಮದುವೆಯಲ್ಲಿ ಬಂದು ಇನ್ನೂ ಡಬ್ಬಿ ಬಿಚ್ಚದ ಡಿನ್ನರ್ ಸೆಟ್ಟು, ಎಂದೋ ಕೆಟ್ಟುಹೋದ ಮಿಕ್ಸಿಯ ಗ್ಯಾರಂಟಿ ಕಾರ್ಡು. ಕೀರ್ತಿನಗರದ ಫರ್ನಿಚರ್ ಅಂಗಡಿಗೆ ಮಂಚ ನೋಡಲು ಹೋದ ಗೃಹಿಣಿ ಅದರ ಮೇಲೆ ಕೂತು ನೋಡುವುದಕ್ಕೆ ಮುಂಚೆ ಒಳಗೆ ಇಣುಕುತ್ತಾಳೆ. ನಿದ್ದೆ ಹೇಗೋ ಬರುತ್ತದೆ, ರಜಾಯಿ ಎಲ್ಲಿಡುವುದು?

ನಮ್ಮ ಕಡೆಯ ಕತೆಗಳಲ್ಲಿ ನಿಧಿಗೆ ಏಳು ಹೆಡೆಯ ಸರ್ಪದ ಕಾವಲು. ದಿಲ್ಲಿಯಲ್ಲಿ ಆ ಕೆಲಸ ನುಸಿಗುಳಿಗೆಯದು. ಹೋಳಿ ಮುಗಿದ ಮೇಲೆ ರಜಾಯಿಗಳು ಒಳಗೆ ಹೋದರೆ ದೀಪಾವಳಿಯ ಹೊತ್ತಿಗೆ ಹೊರಗೆ ಬರುತ್ತವೆ. ಆಗ ತಾರಸಿಗಳ ಮೇಲೆ ಹೋಗಿ ನೋಡಬೇಕು. ಒಬ್ಬೊಬ್ಬರ ಗುಟ್ಟೂ ಹಗ್ಗದ ಮೇಲೆ. ಯಾರ ಮನೆಯಲ್ಲಿ ಜೈಪುರಿ ರಜಾಯಿ ಇದೆ, ಯಾರದು ಹತ್ತಿ ಗಂಟುಗಟ್ಟಿದೆ, ಎಲ್ಲ ಜಗಜ್ಜಾಹೀರು. ಹತ್ತಿ ಹಿಂಜುವವನು ಬಿಲ್ಲು ಮೀಟುತ್ತ ಟಣ್ ಟಣ್ ಎಂದು ಗಲ್ಲಿಯಲ್ಲಿ ಬರುತ್ತಿದ್ದ ಕಾಲ ಹೆಚ್ಚುಕಡಿಮೆ ಮುಗಿಯಿತು. ಈಗ ಯಂತ್ರದಂಗಡಿಗೆ ನಾವೇ ಹೊತ್ತೊಯ್ಯಬೇಕು.

ಇಲ್ಲಿ ನೆಲೆನಿಂತ ಕನ್ನಡದ ಮನೆಗಳಲ್ಲಿ ಇನ್ನೊಂದು ಪೆಟ್ಟಿಗೆಯೂ ಇರುತ್ತದೆ. ವರ್ಗಾವಣೆಯಿಂದ ವರ್ಗಾವಣೆಗೆ ರೈಲಿನಲ್ಲಿ ಬಂದ ಕಬ್ಬಿಣದ ಟ್ರಂಕು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಯಜಮಾನರ ಹೆಸರು. ಅದರಲ್ಲಿ ಹಳೆಯ ಪಂಚೆಯ ಚೂರುಗಳಲ್ಲಿ ಸುತ್ತಿದ ದಸರೆಯ ಗೊಂಬೆಗಳು. ಪಟ್ಟದ ರಾಜ ರಾಣಿ ಮೊದಲು ಎದ್ದು ಬರುತ್ತಾರೆ, ಅವರು ಮತ್ತೆ ಮಲಗಿದ ಕೆಲವು ವಾರಕ್ಕೆ ರಜಾಯಿಗಳು ಏಳುತ್ತವೆ. ಪಂಜಾಬಿ ನೆರೆಯವಳಿಗೆ ಬೆರಗು: ಇಷ್ಟು ದೊಡ್ಡ ಪೇಟಿಯಲ್ಲಿ ಬರೀ ಆಟಿಕೆಯೇ? ಅವಳ ಮನೆಯ ಪೇಟಿ ಅತ್ತೆಯ ತವರಿನಿಂದ ಬಂದದ್ದು, ಕೋಣೆಯ ಅರ್ಧ ಅದೇ.

ನಿಧಿ ಎಂದರೆ ಚಿನ್ನವೇ ಆಗಬೇಕೆಂದು ಹಟ ಹಿಡಿದವರ ಪಾಡು ಬೇರೆ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನ ಗಡ್ಡೆಯಲ್ಲಿ ಅಂಥವರು ವ್ಯಾಸರಾಯರ ವೃಂದಾವನವನ್ನೇ ಕೆಡವಿದರು. ಭಕ್ತರು ಕಲ್ಲು ಕಲ್ಲು ಹೊಂದಿಸಿ ಮತ್ತೆ ನಿಲ್ಲಿಸಬೇಕಾಯಿತು. ಇನ್ನು ನಿಜಕ್ಕೂ ಸಿಕ್ಕಿತು ಅನ್ನಿ, 1878ರ ಕಾಯ್ದೆಯೊಂದಿದೆ: ನೆಲದಲ್ಲಿ ಹುದುಗಿದ್ದು 10 ರೂಪಾಯಿಗಿಂತ ಹೆಚ್ಚು ಬಾಳುವುದಾದರೆ ಕಲೆಕ್ಟರರಿಗೆ ತಿಳಿಸಬೇಕು. ಈಗ ಕನ್ನಾಟ್ ಪ್ಲೇಸಿನಲ್ಲಿ 10 ರೂಪಾಯಿಗೆ ಒಳ್ಳೆಯ ಚಹಾ ಸಿಕ್ಕರೂ ತಿಳಿಸಬೇಕಾದೀತು.

ಪೆಟ್ಟಿಗೆ ಸಿಕ್ಕಿ, ಅದರಲ್ಲಿ ಚಿನ್ನ ಇಲ್ಲದೆ ಹೋದ ಒಂದು ಪ್ರಸಂಗ ನನಗೆ ಬಹಳ ಇಷ್ಟ. 1931ರಲ್ಲಿ ಗಿಲ್ಗಿಟ್ ಹತ್ತಿರ ದನ ಕಾಯುವವರಿಗೆ ಪಾಳುಬಿದ್ದ ಬೌದ್ಧ ಸ್ತೂಪದೊಳಗೆ ಮರದ ಪೆಟ್ಟಿಗೆ ಕಂಡಿತು. ತೆರೆದರೆ ಮರದ ತೊಗಟೆ! ಭೂರ್ಜಪತ್ರದ ಮೇಲೆ ಬರೆದ ಬೌದ್ಧ ಗ್ರಂಥಗಳು. ಹೆಚ್ಚುಕಡಿಮೆ ನಮ್ಮ ಹಲ್ಮಿಡಿ ಶಾಸನದ ಕಾಲದಿಂದ ಒಂದೆರಡು ಶತಮಾನದೊಳಗಿನವು. ಅಲ್ಲಿನ ಒಣ ಚಳಿ ಅವನ್ನು ಕಾಪಾಡಿತ್ತು. ಬಹುಭಾಗ ಈಗ ಇಲ್ಲೇ, ಜನಪಥದ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಆ ರಸ್ತೆಯಲ್ಲಿ ಓಡಾಡುವವರಲ್ಲಿ ಹೆಚ್ಚಿನವರ ಗಮನವೆಲ್ಲ ಮುಂದಿರುವ ಅಗ್ಗದ ಕುರ್ತಾಗಳ ಕಡೆಗೆ.

ಅದೇ ಜನಪಥದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ 2019ರಲ್ಲಿ ಹೈದರಾಬಾದ್ ನಿಜಾಮರ ಒಡವೆಗಳ ಪ್ರದರ್ಶನ ನಡೆಯಿತು. 173 ಒಡವೆ, 1995ರಲ್ಲಿ ಸರ್ಕಾರ 218 ಕೋಟಿ ಕೊಟ್ಟು ಕೊಂಡದ್ದು. ಅವುಗಳಲ್ಲಿ ಜೇಕಬ್ ವಜ್ರದ ತೂಕ 184.75 ಕ್ಯಾರೆಟ್. ಕೊನೆಯ ನಿಜಾಮರಿಗೆ ಅದು ಅಪ್ಪನ ಚಪ್ಪಲಿಯ ತುದಿಯಲ್ಲಿ ಸಿಕ್ಕಿತಂತೆ, ಅವರು ಕಾಗದ ಹಾರದಂತೆ ಅದನ್ನೇ ಇಟ್ಟುಕೊಂಡರಂತೆ. ಅದಕ್ಕೂ ಮುಂಚೆ ಈ ಒಡವೆಗಳು ದಿಲ್ಲಿಗೆ ಬಂದದ್ದು 2001 ಮತ್ತು 2007ರಲ್ಲಿ. ಉಳಿದ ಕಾಲ ಬಹುಪಾಲು ರಿಸರ್ವ್ ಬ್ಯಾಂಕಿನ ಕತ್ತಲೆಯಲ್ಲಿ ವಾಸ. ನಮ್ಮ ರಜಾಯಿಗೆ ವರ್ಷವರ್ಷವೂ ಬಿಸಿಲು ಸಿಗುತ್ತದೆ. ಈ ಒಂದು ಲೆಕ್ಕದಲ್ಲಿ ನಿಜಾಮರಿಗಿಂತ ನಾವೇ ಮೇಲು ಎಂದು ನನ್ನ ವಾದ. ಮನೆಯಲ್ಲಿ ಯಾರೂ ಒಪ್ಪಿಲ್ಲ.

ನೋಯ್ಡಾ, ಗುರುಗ್ರಾಮದ ಹೊಸ ಫ್ಲ್ಯಾಟುಗಳಲ್ಲಿ ಹೈಡ್ರಾಲಿಕ್ ಮಂಚ ಬಂದಿದೆ, ಹಿಡಿ ಎಳೆದರೆ ಹಾಸಿಗೆ ಸಮೇತ ತಾನೇ ಮೇಲೇಳುತ್ತದೆ. ಆದರೆ ಯಾವ ತಂತ್ರಜ್ಞಾನಕ್ಕೂ ಬಗೆಹರಿಯದ ತೊಡಕು ಡಿಸೆಂಬರಿನಲ್ಲಿ ಧಾರವಾಡದಿಂದ ಬರುತ್ತದೆ. ಹಾಫ್ ಸ್ವೆಟರಿನಲ್ಲಿ ಬಂದ ನೆಂಟರು ರಾತ್ರಿ ಒಂಬತ್ತಕ್ಕೇ ಗಡಗಡ ನಡುಗುತ್ತ ಮಂಚ ಹತ್ತಿ, ಕಾಲು ಮಡಚಿ ಕೂತು, ಇನ್ನೊಂದು ರಜಾಯಿ ಇದೆಯಾ ಎಂದು ಕೇಳುತ್ತಾರೆ. ಇದೆ, ಅವರ ಕೆಳಗೇ ಇದೆ. “ಸ್ವಲ್ಪ ಏಳ್ತೀರಾ?” ಎಂದರೆ, “ಇರಲಿ ಬಿಡ್ರಿ, ಈಗಷ್ಟೇ ಜಾಗ ಬೆಚ್ಚಗಾಗೇದ” ಅನ್ನುತ್ತಾರೆ.